ಸ್ಪಷ್ಟನೆ: ಮರಗೆಣಸಿನಲ್ಲಿ ‘ನಷ್ಟವೇ ಇಲ್ಲ’ ಎಂಬುದು ನಿಜವಲ್ಲ

‘ಮರಗೆಣಸು ನೆಟ್ಟರೆ ಆರೇ ತಿಂಗಳಲ್ಲಿ ಹಣ ದುಪ್ಪಟ್ಟು, ಮಹಿಳೆಯರು ಮತ್ತು ಯುವಕರು ಹಿಟ್ಟಿನ ಘಟಕ ಹಾಕಿದರೆ ನಷ್ಟದ ಮಾತೇ ಇಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದನ್ನು ನಂಬಿ ಸಾಲ ಮಾಡಬೇಡಿ.

ಬೆಳೆ ಗಟ್ಟಿಯದು, ಬಡ ಮಣ್ಣಲ್ಲೂ ಬರುತ್ತದೆ ಎಂಬಷ್ಟು ಮಾತ್ರ ಸರಿ. ಆದರೆ ಹೆಚ್ಚಿನ ತಳಿಗಳು ಕೊಯ್ಲಿಗೆ ಬರಲು 8ರಿಂದ 12 ತಿಂಗಳು ಬೇಕು. ಅಲ್ಲಿಯವರೆಗೆ ಕಳೆ ಕೀಳುವ ಕೂಲಿ ಕೈಯಿಂದಲೇ ಹೋಗಬೇಕು. ಮನೆಯ ಹೆಂಗಸರೇ ಕಳೆ ಕಿತ್ತರೆ ಆ ದುಡಿಮೆಯನ್ನು ಯಾರೂ ಖರ್ಚಿಗೆ ಬರೆಯುವುದಿಲ್ಲ. ಲಾಭ ದೊಡ್ಡದಾಗಿ ಕಾಣುವುದು ಎಷ್ಟೋ ಸಲ ಇದರಿಂದಲೇ. ನನಗೆ ಹೆಚ್ಚು ನೋವು ತರುವುದೂ ಇದೇ.

ನಿಜವಾದ ಪೆಟ್ಟು ಬೀಳುವುದು ಕಿತ್ತ ಮೇಲೆ. ಗೆಡ್ಡೆ ಎರಡು ಮೂರು ದಿನಗಳಲ್ಲೇ ಒಳಗೆ ಕಪ್ಪಗಾಗಿ ಕೆಡುತ್ತದೆ. ಕೊಳ್ಳುವವರು ಗೊತ್ತಾಗುವ ಮೊದಲೇ ಕಿತ್ತವರು ಸಿಕ್ಕ ಬೆಲೆಗೆ ಮಾರಬೇಕಾಗುತ್ತದೆ. ನೆಲದಲ್ಲೇ ಬಿಟ್ಟು ಕೆಲವು ತಿಂಗಳು ಕಾಯಬಹುದು, ಆದರೆ ತಡವಾದಷ್ಟೂ ಗೆಡ್ಡೆ ನಾರಾಗುತ್ತದೆ.

ಸಂಸ್ಕರಣೆಯಿಂದ ಬೆಲೆ ಹೆಚ್ಚುವುದು ಹೌದು. ಲೆಕ್ಕ ಮಾತ್ರ ಹೀಗಿದೆ: ಗೆಡ್ಡೆಯಲ್ಲಿ ಶೇ 60ರಷ್ಟು ನೀರೇ ಇರುತ್ತದೆ, ಸಿಪ್ಪೆಯೂ ಹೋಗುತ್ತದೆ. 100 ಕಿಲೋ ಹಸಿ ಗೆಡ್ಡೆಗೆ ಸುಮಾರು 25 ಕಿಲೋ ಹಿಟ್ಟು. ಅಂದರೆ ಒಂದು ಕಿಲೋ ಹಿಟ್ಟಿನ ಬೆಲೆ ನಾಲ್ಕು ಕಿಲೋ ಗೆಡ್ಡೆಯ ಬೆಲೆ ದಾಟಿ, ಇಂಧನ, ನೀರು, ಕೂಲಿ, ಯಂತ್ರದ ಕಂತು ಎಲ್ಲವನ್ನೂ ಹೊರಬೇಕು. ಕಹಿ ತಳಿಯಾದರೆ ಸಯನೈಡ್ ಅಂಶ ತೆಗೆಯಲು ತುರಿದು, ಹುಳಿಯಲು ಬಿಟ್ಟು, ಹಿಂಡಿ, ಒಣಗಿಸಲೇಬೇಕು. ಅವಸರ ಮಾಡಿದರೆ ತಿನ್ನುವವರ ಜೀವಕ್ಕೇ ಅಪಾಯ.

ಹಲವರು ಸೇರಿ ಒಂದೇ ಯಂತ್ರ ಹಂಚಿಕೊಂಡು, ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಂಡು, ಕಂತುಕಂತಾಗಿ ಕಿತ್ತರೆ ಈ ಕಸುಬಿನಲ್ಲಿ ಲಾಭ ಉಳಿಸಿಕೊಳ್ಳಲು ಸಾಧ್ಯ.