ಮೂಲೆಯ ಗುಂಡಿ ಯಾರ ಕಡೆ?

ಹನ್ನೆರಡು ಅಂಗಿ ಗುಂಡಿಗಳನ್ನು ನಾಲ್ಕರಂತೆ ಮೂರು ಸಾಲಾಗಿ ಜೋಡಿಸಿ, ಏಳು ವರ್ಷದ ಮಗುವನ್ನು ‘ಒಟ್ಟು ಎಷ್ಟಿವೆ?’ ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ಒಂದೊಂದನ್ನೇ ಮುಟ್ಟಿ ಎಣಿಸುತ್ತಾರೆ. ಇಷ್ಟು ಚೆಂದವಾಗಿ ಜೋಡಿಸಿದ್ದೆಲ್ಲ ದಂಡ! ದೊಡ್ಡವರಾದ ನಮಗೆ ‘ಮೂರ್ನಾಕ್ಲ ಹನ್ನೆರಡು’ ಬಾಯಿಗೆ ಮೊದಲೇ ಬಂದುಬಿಡುತ್ತದೆ. ಮಗುವಿಗೆ ಇನ್ನೂ ಸಾಲೇ ಕಂಡಿಲ್ಲ.

ಸಾಲು ಕಂಡ ಮೇಲೂ ತಕರಾರು ಮುಗಿಯುವುದಿಲ್ಲ. ‘ಕೂಡಿಸಿ ಬರೆ’ ಎಂದರೆ 3 + 4 = 7 ಎಂದು ಬರೆದು ಕೊಡುತ್ತದೆ. ಮೇಲೆ ನಾಲ್ಕು, ಪಕ್ಕದಲ್ಲಿ ಮೂರು, ಸರಿಯಾಗೇ ಇದೆ ಅಲ್ವಾ? ಅಂಚು ಮಾತ್ರ ನೋಡಿತು, ನಡುವಿನವು ಬಿಟ್ಟುಹೋದವು. ಇನ್ನು ಕೆಲವರು ಪಕ್ಕದಲ್ಲಿ ಎರಡೇ ಇವೆ ಎಂದು ಹಟ ಹಿಡಿಯುತ್ತಾರೆ. ಮೂಲೆಯ ಗುಂಡಿಯನ್ನು ಮೇಲಿನ ಸಾಲಿಗೆ ಆಗಲೇ ಸೇರಿಸಿ ಆಯಿತು, ಅದು ಕಂಬಸಾಲಿಗೂ, ಅಂದರೆ ಮೇಲಿನಿಂದ ಕೆಳಗೆ ಇಳಿಯುವ ಸಾಲಿಗೂ, ಹೇಗೆ ಸೇರುತ್ತದೆ? ನನ್ನನ್ನು ಕೇಳಿದರೆ ಇದು ನ್ಯಾಯವಾದ ಪ್ರಶ್ನೆ. ಒಂದೇ ಗುಂಡಿ ಅಡ್ಡಸಾಲಿನಲ್ಲೂ ಇದೆ, ಕಂಬಸಾಲಿನಲ್ಲೂ ಇದೆ ಎಂದು ಒಪ್ಪಿಕೊಳ್ಳುವುದು ಕೂಡುವುದಕ್ಕಿಂತ ಕಷ್ಟದ ಕೆಲಸ.

ಇದಕ್ಕೆ ಒಂದು ರಟ್ಟಿನ ತುಂಡು ಸಾಕು. ಎಲ್ಲವನ್ನೂ ಮುಚ್ಚಿ, ಒಂದು ಸಾಲು ಮಾತ್ರ ತೋರಿಸಿ. ‘ನಾಲ್ಕು.’ ರಟ್ಟು ಕೆಳಗೆ ಜಾರಿಸಿ. ‘ಇನ್ನೊಂದು ನಾಲ್ಕು.’ ಮತ್ತೆ ಜಾರಿಸಿ. 4 + 4 + 4 ಕಾಗದದ ಮೇಲೆ ತಾನಾಗಿ ಇಳಿಯುತ್ತದೆ. ಸಾಲು ಮೂರಿದ್ದರೂ ಕೂಡುವ ಚಿಹ್ನೆ ಎರಡೇ. ಪ್ರತಿ ನಾಲ್ಕರ ಹಿಂದೆಯೂ ಒಂದೊಂದು ಅಂಟಿಸಿ, ಕೊನೆಯ ಚಿಹ್ನೆಗೆ ಏನು ಕೂಡಿಸಲಿ ಎಂದು ತಲೆ ಕೆರೆದುಕೊಳ್ಳುವ ಮಕ್ಕಳೂ ಇದ್ದಾರೆ. ಮೊದಮೊದಲಿಗೆ ಐದು ಸಾಲು, ಸಾಲಿಗೆ ಐದು, ಅದಕ್ಕಿಂತ ಜಾಸ್ತಿ ಬೇಡ.

ಮಜಾ ಇರುವುದು ಇಬ್ಬರನ್ನು ಮೇಜಿನ ಅಕ್ಕಪಕ್ಕದ ಎರಡು ಬದಿಗಳಲ್ಲಿ ಕೂರಿಸಿದಾಗ. ಒಬ್ಬಳು 4 + 4 + 4 ಎನ್ನುತ್ತಾಳೆ, ಇನ್ನೊಬ್ಬ 3 + 3 + 3 + 3 ಎನ್ನುತ್ತಾನೆ. ‘ನಿಂದು ತಪ್ಪು’, ‘ನಿಂದೇ ತಪ್ಪು’ ಶುರು. ‘ಎರಡೂ ಒಂದೇ ಕಣ್ರೋ’ ಎಂದು ನಡುವೆ ಬಾಯಿ ಹಾಕಬಾರದು. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಎದ್ದು ಇನ್ನೊಬ್ಬರ ಕುರ್ಚಿಯ ಹಿಂದೆ ನಿಂತು ನೋಡುತ್ತಾರೆ. ಜಗಳ ಬೇಡ ಎನ್ನುವವರು ನಾಲ್ಕರಂತೆ ನಾಲ್ಕು ಸಾಲು ಇಡಲಿ, ಯಾವ ಕಡೆಯಿಂದ ನೋಡಿದರೂ 4 + 4 + 4 + 4. ಪಾಠ ಮಾತ್ರ ಸಪ್ಪೆ.

ಈಗ ಏಳು ಗುಂಡಿ ಕೊಡಿ. ಎರಡು ಸಾಲು ಮಾಡಿದರೆ ಒಂದು ಉಳಿಯುತ್ತದೆ. ಮೂರು ಮಾಡಿದರೂ ಒಂದು ಉಳಿಯುತ್ತದೆ. ನಾಲ್ಕು ಮಾಡಲು ಹೋದರೆ ಒಂದು ಕಮ್ಮಿ. ಕೊನೆಗೆ ಎಲ್ಲವೂ ಒಂದೇ ಉದ್ದ ಸಾಲು. ಸಾಲು ಹಿಡಿದು ಬರೆದರೆ ಬರೀ 7, ಕೂಡುವುದಕ್ಕೆ ಏನೂ ಇಲ್ಲ. ಕಂಬಸಾಲು ಹಿಡಿದರೆ 1 + 1 + 1 + 1 + 1 + 1 + 1. ಇಷ್ಟುದ್ದ ಬರೆಯಲು ಬೇಜಾರಾಗಿ, ‘ಇನ್ನೊಂದು ಗುಂಡಿ ಕೊಡಿ, 4 + 4 ಅಂತ ಬರೆದು ಮುಗಿಸ್ತೀನಿ’ ಎಂದು ಚೌಕಾಸಿ ಮಾಡಿದರೆ, ಧಾರಾಳವಾಗಿ ಕೊಟ್ಟುಬಿಡಿ.