ಎಲ್ಲ ಹೆಗ್ಗಳಿಕೆಯೂ ಸಿನಿಮಾಗೆ ಬೇಡ
1973ರ ‘ದಿ ಸ್ಟಿಂಗ್’ ಸಿನಿಮಾದಿಂದಲೇ ಅಮೆರಿಕದ ಹಳೇ ಸಂಗೀತ ಶೈಲಿ ರ‍್ಯಾಗ್‌ಟೈಮ್ ಮತ್ತೆ ಬದುಕಿತು ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಈ ಶೈಲಿಯ ಹೆಸರಾಂತ ಸಂಯೋಜಕ ಸ್ಕಾಟ್ ಜಾಪ್ಲಿನ್ ರಚನೆಗಳನ್ನು ಜೋಶುವಾ ರಿಫ್ಕಿನ್ ಪಿಯಾನೊದಲ್ಲಿ ನುಡಿಸಿದ ರೆಕಾರ್ಡ್ 1970ರಲ್ಲೇ ಬಂದಿತ್ತು. ಆಮೇಲೆ ಬಾಸ್ಟನ್‌ನಲ್ಲಿ ಗುಂಥರ್ ಶುಲ್ಲರ್ ಸಂಗೀತ ಕಾಲೇಜಿನ ಹುಡುಗ ಹುಡುಗಿಯರನ್ನು ಸೇರಿಸಿ, ಜಾಪ್ಲಿನ್ ಕಾಲದ ವಾದ್ಯಗೋಷ್ಠಿಯ ಹಳೇ ಸ್ವರಲಿಪಿಯನ್ನೇ ನುಡಿಸಿಸಿದರು. ಕೇಳಿ ನೋಡಿ. ಕೆಳಗೆ ಟ್ಯೂಬಾ ನಿಧಾನಕ್ಕೆ ಹೆಜ್ಜೆ ಹಾಕುತ್ತದೆ, ಮೇಲೆ ಕ್ಲಾರಿನೆಟ್ಟು, ಪಿಟೀಲು ತಾಳದ ಪೆಟ್ಟು ತಪ್ಪಿಸಿ ಆಡುತ್ತವೆ. ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಪಿಯಾನೊ ಒಂದರಲ್ಲೇ ಈ ಸುಖ ಸಿಗುವುದಿಲ್ಲ. ಶುಲ್ಲರ್ ತಂಡದ ಆ ರೆಕಾರ್ಡಿಗೆ 1974ರಲ್ಲಿ ಗ್ರ್ಯಾಮಿಯೂ ಬಂತು. ಸಿನಿಮಾದಿಂದ ಕೇಳುಗರು ಜಾಸ್ತಿಯಾದರು, ನಿಜ. ಆದರೆ ದಾರಿ ಮಾಡಿದವರು ರಿಫ್ಕಿನ್, ಶುಲ್ಲರ್ ಅಲ್ವಾ? ಈಗಿನ ತಂಡಗಳು ದಯವಿಟ್ಟು ಈ ಸಂಗೀತವನ್ನು ಸುಮ್ನೆ ಓಡಿಸಬೇಡಿ. ವೇಗವಾಗಿ ನುಡಿಸಬಾರದು ಎಂದು ಜಾಪ್ಲಿನ್ ತಮ್ಮ ಸ್ವರಲಿಪಿಯ ಮೇಲೆಯೇ ಅಚ್ಚು ಹಾಕಿಸಿದ್ದರು.