ಎಂಟನೇ ತಾರೀಖಿನ ನಗೆ

ಜಪಾನಿನ ಯಮಗಾಟಾ ಪ್ರಾಂತ್ಯದ ಶಾಸನಸಭೆ 2024ರ ಜುಲೈನಲ್ಲಿ ಒಂದು ಕಟ್ಟಳೆ ಪಾಸು ಮಾಡಿತು. ಆರೋಗ್ಯದ ದೃಷ್ಟಿಯಿಂದ ಪ್ರಜೆಗಳು ದಿನಕ್ಕೊಂದು ಸಲವಾದರೂ ನಗಬೇಕು. ಕೆಲಸದ ಜಾಗದಲ್ಲಿ ನಗು ತುಂಬಿರುವಂತೆ ಮಾಲೀಕರು ನೋಡಿಕೊಳ್ಳಬೇಕು. ಪ್ರತಿ ತಿಂಗಳ ಎಂಟನೇ ತಾರೀಖು ನಗುವಿನ ದಿನ. ಎಂಟನ್ನು ಜಪಾನಿಯರು ‘ಹಾ’ ಎಂದೂ ಓದುತ್ತಾರೆ, ಇನ್ನೇನು ಬೇಕು! ನಗದವರಿಗೆ ದಂಡವಿಲ್ಲ, ಸದ್ಯ. ನಗುವುದು, ಬಿಡುವುದು ಮನುಷ್ಯನ ಮೂಲಭೂತ ಹಕ್ಕು ಎಂದು ವಿರೋಧ ಪಕ್ಷದವರು ಗಂಭೀರವಾಗಿ ವಾದಿಸಿದರು. ಆಡಳಿತ ಪಕ್ಷದವರು ಯಾರನ್ನೂ ಬಲವಂತ ಮಾಡುತ್ತಿಲ್ಲ ಎಂದು ಅಷ್ಟೇ ಗಂಭೀರವಾಗಿ ಸಮಜಾಯಿಷಿ ಕೊಟ್ಟರು.

ಇದರ ಹಿಂದೆ ಅಲ್ಲಿನ ವಿಶ್ವವಿದ್ಯಾಲಯದ ಒಂದು ಅಧ್ಯಯನವಿದೆ. 40 ದಾಟಿದ 17,152 ಜನರನ್ನು ‘ನೀವು ಎಷ್ಟು ಸಲ ಜೋರಾಗಿ ನಗುತ್ತೀರಿ’ ಎಂದು ಕೇಳಿ, ಕೆಲವು ವರ್ಷ ಕಾದು ನೋಡಿದರು. ತಿಂಗಳಿಗೊಮ್ಮೆಯೂ ನಗದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಗಮನಿಸಿ, ಯಾರನ್ನೂ ನಗಿಸಿ ನೋಡಿದ್ದಲ್ಲ, ಕೇಳಿದ್ದು ಮಾತ್ರ. ಮಂಡಿನೋವು, ಸಾಲ, ಒಂಟಿತನ ಇದ್ದವನಿಗೆ ನಗು ಬರುವುದು ಕಡಿಮೆ, ಆಯುಷ್ಯವೂ ಕಡಿಮೆ. ವಯಸ್ಸು, ಬೀಡಿ ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿ ಕಳೆದರೂ, ಕಷ್ಟವೇ ಎರಡಕ್ಕೂ ಕಾರಣವೇನೋ ಎಂಬ ಅನುಮಾನ ಪೂರ್ತಿ ಹೋಗುವುದಿಲ್ಲ. ಸಂಶೋಧಕರಿಗೆ ಇದು ಗೊತ್ತಿರುತ್ತದೆ. ಶಾಸನಸಭೆಗೆ ಅಷ್ಟು ಪುರಸೊತ್ತು ಎಲ್ಲಿ? ಕೊಡೆ ಹಿಡಿದವರು ಹೆಚ್ಚಾದ ದಿನ ಮಳೆ ಬರುತ್ತದೆ, ಆದ್ದರಿಂದ ಬರಗಾಲದಲ್ಲಿ ಕೊಡೆ ಹಂಚಿ ಎಂದ ಹಾಗೆ.

ನಾವೂ ಹಿಂದೆ ಬಿದ್ದವರಲ್ಲ. 1995ರ ಮಾರ್ಚ್ 13ರಂದು ಮುಂಬೈನ ಅಂಧೇರಿಯ ಒಂದು ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಐದೇ ಜನರನ್ನು ಕಟ್ಟಿಕೊಂಡು ನಗೆಕೂಟ ಶುರು ಮಾಡಿದರು. ಮೊದಲು ಜೋಕು ಹೇಳಿ ನಗುತ್ತಿದ್ದರು. ಎರಡು ವಾರಕ್ಕೆ ಸರಕು ಮುಗಿದು, ಉಳಿದಿದ್ದು ಪೋಲಿ ಜೋಕುಗಳು. ಆಗ ಹೊಳೆದ ದಾರಿ: ಜೋಕನ್ನೇ ಬಿಟ್ಟುಬಿಡುವುದು, ಸುಮ್ಮನೆ ನಗುವುದು. ನಗುವಿಗೆ ಕಾರಣ ಬೇಕೆಂಬ ಹಳೇ ಕಂದಾಚಾರ ಅಲ್ಲಿಗೆ ಕೊನೆಯಾಯಿತು.

ವಿಧಾನ ಗೊತ್ತಿಲ್ಲದವರಿಗೆ: ಎರಡೂ ಅಂಗೈ ನೇರವಾಗಿಟ್ಟು ಬೆರಳಿಗೆ ಬೆರಳು ತಾಗುವಂತೆ ಚಪ್ಪಾಳೆ. ‘ಹೋ ಹೋ’ ಎನ್ನುವಾಗ ಎರಡು, ‘ಹಾ ಹಾ ಹಾ’ ಎನ್ನುವಾಗ ಮೂರು. ಕೈ ಮೇಲೆತ್ತಿ ಉಸಿರು ಎಳೆದು, ಇಳಿಸುತ್ತಾ ಬಿಡಿ. ನಂತರ ಒಂದೊಂದು ನಗೆಯೂ ಅರ್ಧ ನಿಮಿಷ: ನಾಲಗೆ ಚಾಚಿ ಕಣ್ಣು ಬಿಟ್ಟು ಸಿಂಹ ನಗೆ, ಕಿವಿಗೆ ಕೈ ಹಿಡಿದು ಮೊಬೈಲ್ ನಗೆ, ಬೆರಳು ಆಡಿಸುತ್ತಾ ಜಗಳದ ನಗೆ. ನಡುನಡುವೆ ದೀರ್ಘ ಉಸಿರು. ಒಟ್ಟು ಇಪ್ಪತ್ತು ಮೂವತ್ತು ನಿಮಿಷ. ಸದ್ದು ಹೊಟ್ಟೆಯಿಂದ ಬರಬೇಕು. ಗಂಟಲಿಂದ ತಂದರೆ ನಾಲ್ಕನೇ ದಿನಕ್ಕೆ ಸ್ವರ ಒಡೆಯುತ್ತದೆ. ಇಡ್ಲಿ ತಿಂದು ಬಂದರೆ ಇಡ್ಲಿಯೂ ನಗೆಯ ಜೊತೆ ಮೇಲೆ ಬರುತ್ತದೆ. ಹರ್ನಿಯಾ, ಗ್ಲಾಕೋಮಾ ಇದ್ದವರು, ಈಚೆಗೆ ಆಪರೇಷನ್ ಆದವರು ದೂರ ನಿಲ್ಲಬೇಕು. ಕೆಮ್ಮಿದರೆ ಮೂತ್ರ ಜಿನುಗುವವರೂ ಅಷ್ಟೇ, ಆದರೆ ಇದನ್ನು ಫಲಕದಲ್ಲಿ ಬರೆಯುವವರಿಲ್ಲ. ಪಾರ್ಕಿನ ಎದುರು ಮನೆಯವರಿಗೂ ಆರು ಗಂಟೆಗೆ ಇದು ಅಷ್ಟೇನೂ ಆರೋಗ್ಯಕರವಲ್ಲ.

ಕೆಲಸಕ್ಕೆ ಬರುವ ಮಾತು ಇನ್ನೊಂದು ಕಡೆ ಇದೆ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಮಾಲು, ಕಾಲುದಾರಿಗಳಲ್ಲಿ ಜನ ನಗುವುದನ್ನು 1,200 ಸಲ ಬರೆದುಕೊಂಡರು. ಜೋಕಿಗೆ ಹತ್ತಿರದ್ದೇನಾದರೂ ಇದ್ದದ್ದು ಶೇ. 10ರಿಂದ 20ರಷ್ಟು ಸಂದರ್ಭದಲ್ಲಿ. ಉಳಿದದ್ದೆಲ್ಲ ‘ಆಯ್ತು, ಬರ್ಲಾ’, ‘ಏನು, ನಾಪತ್ತೆ’ ಎಂಬ ಜಾತಿಯ ಮಾತು. ಒಬ್ಬರೇ ಇದ್ದಾಗಿಗಿಂತ ಜೊತೆಗಾರರಿದ್ದಾಗ ನಗುವುದು ಸುಮಾರು ಮೂವತ್ತು ಪಟ್ಟು ಹೆಚ್ಚು ಎಂದೂ ಲೆಕ್ಕ ಸಿಕ್ಕಿತು. ಅಂದರೆ ಔಷಧಿ ನಗೆಯಲ್ಲಿದೆಯೋ, ಪಕ್ಕದಲ್ಲಿ ಕೂತವರಲ್ಲಿದೆಯೋ? ಈ ಪ್ರಶ್ನೆಗೆ ಪಾರ್ಕಿಗೆ ನಗಲು ಬರುವ ಯಜಮಾನರು ನಿತ್ಯ ಉತ್ತರ ಕೊಡುತ್ತಿರುತ್ತಾರೆ. ಆರರಿಂದ ಆರೂವರೆಯವರೆಗೆ ಅಪರಿಚಿತರ ನಡುವೆ ಸಿಂಹದಂತೆ ನಕ್ಕು, ಏಳಕ್ಕೆ ಮನೆಗೆ ಬಂದು, ಹರಳೆಣ್ಣೆ ಕುಡಿದ ಮುಖದಲ್ಲಿ ‘ಕಾಫಿ ಆರಿದೆ’ ಎನ್ನುತ್ತಾರೆ. ಹೆಂಡತಿಯ ಪಾಲಿಗೆ ಉಳಿದದ್ದು ಜಗಳದ ನಗೆಯಲ್ಲಿ ನಗೆ ಕಳೆದದ್ದು.

ಯಮಗಾಟಾದ ಕಟ್ಟಳೆ ನಮ್ಮಲ್ಲಿಗೆ ಬಂದರೆ ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ‘ವಿಷಯ: ನೌಕರರು ನಗುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಎಲ್ಲ ಅಧಿಕಾರಿ, ನೌಕರರು ಪ್ರತಿ ತಿಂಗಳ 8ರಂದು ಬೆಳಿಗ್ಗೆ 11.30ಕ್ಕೆ ತಪ್ಪದೇ ನಕ್ಕು, ಅನುಪಾಲನಾ ವರದಿಯನ್ನು ಫೋಟೊ ಸಹಿತ ಅದೇ ದಿನ ಮುದ್ದಾಂ ಸಲ್ಲಿಸತಕ್ಕದ್ದು.’ ಎರಡನೇ ತಿಂಗಳಿಗೆ ನಗೆ ವಹಿ. ಮೂರನೇ ತಿಂಗಳಿಗೆ ಆ್ಯಪ್, ನಾಲ್ಕನೇ ತಿಂಗಳಿಗೆ ಸರ್ವರ್ ಡೌನ್. ಪಹಣಿ ತಿದ್ದುಪಡಿಗೆ ಆರು ತಿಂಗಳಿಂದ ಅಲೆಯುತ್ತಿರುವ ರೈತ ಕಿಟಕಿಯಾಚೆ ನಿಂತಿದ್ದರೆ, ಒಳಗೆ ವಿಷಯ ನಿರ್ವಾಹಕರು ಗಡಿಯಾರ ನೋಡಿಕೊಂಡು ‘ಹೋ ಹೋ’. ‘ನಗುವವರ ಮುಂದೆ ಎಡವಿ ಬಿದ್ದ ಹಾಗೆ’ ಅನ್ನುತ್ತಾರಲ್ಲ, ಅದಕ್ಕೊಂದು ಇಲಾಖೆಯೇ ಆಗುತ್ತದೆ. ಎಂಟು ಭಾನುವಾರ ಬಿದ್ದರೆ ನಗೆ ಸೋಮವಾರಕ್ಕೋ ಶನಿವಾರಕ್ಕೋ ಎಂದು ಸ್ಪಷ್ಟೀಕರಣ ಕೋರಿ ಜಿಲ್ಲೆಗಳಿಂದ ಪತ್ರ ಬರುತ್ತವೆ. ರಜೆಯಲ್ಲಿದ್ದವರ ಬಾಕಿ ನಗೆಯನ್ನು ಮುಂದಿನ ತಿಂಗಳು ಹೊಂದಾಣಿಕೆ ಮಾಡಬಹುದೇ ಎಂಬ ಕಡತ ಆರ್ಥಿಕ ಇಲಾಖೆಯಲ್ಲಿ ಕೂರುತ್ತದೆ.

ಸುತ್ತೋಲೆ ಮೊದಲು ತಾಲ್ಲೂಕು ಕಚೇರಿ ತಲುಪುವುದು ಏಳನೇ ತಾರೀಖು ಎಂದಿಟ್ಟುಕೊಳ್ಳಿ. ಟಪಾಲಿನವನು ಗಟ್ಟಿಯಾಗಿ ಓದುತ್ತಾನೆ. ‘ತಪ್ಪದೇ ನಕ್ಕು’ ಎಂಬಲ್ಲಿಗೆ ಬರುತ್ತಲೇ ಅವನಿಗೆ ತಡೆಯಲಾಗುವುದಿಲ್ಲ. ಟೈಪಿಸ್ಟು, ಡ್ರೈವರು, ಕಿಟಕಿಯಾಚೆಯ ರೈತನೂ ಸೇರಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಏಳನೇ ತಾರೀಖಿನ ನಗೆಗೆ ಲೆಕ್ಕಶೀರ್ಷಿಕೆ ಇಲ್ಲದ ಕಾರಣ ಸಂಜೆಯೊಳಗೆ ಎಲ್ಲರಿಗೂ ಕಾರಣ ಕೇಳಿ ನೋಟಿಸು. ರೈತನದು ಅವನ ಪಹಣಿ ಕಡತಕ್ಕೇ ಲಗತ್ತು.